ಮಧ್ಯಾಹ್ನಕ್ಕೆ ಸೋಲುವ ತೋಳು

ಆನೆಗೊಂದಿಯಿಂದ ಒಬ್ಬ ತಂದೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಬಳಿ ಹಳೆಯದೊಂದು ಮಣ್ಣು ಅಗೆಯುವ ಯಂತ್ರವಿದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು, ಸಾಲ ಇನ್ನೂ ತೀರಿಲ್ಲ. ಗದ್ದೆ ಸಮ ಮಾಡುವುದು, ಕಾಲುವೆಯ ಹೂಳು ತೆಗೆಯುವುದು ಅದರ ಕೆಲಸ. ಬೆಳಿಗ್ಗೆ ಚೆನ್ನಾಗಿಯೇ ಅಗೆಯುವ ಹಿಂದಿನ ತೋಳು ಈಚೆಗೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸೋತುಹೋಗುತ್ತದಂತೆ. ಮೇಸ್ತ್ರಿ 'ಪಂಪ್ ಹೋಗಿದೆ, ಹೊಸದು ಹಾಕಿಸಿ' ಎಂದರು. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುತ್ತಿರುವ ಮಗ 'ಮೊದಲು ಪರೀಕ್ಷೆ ಮಾಡೋಣ ಅಪ್ಪಾ' ಎಂದ. 'ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವರ ಮಾತು ಕೇಳಲೋ, ನಿನ್ನೆ ಮೊನ್ನೆ ಪುಸ್ತಕ ಹಿಡಿದ ಹುಡುಗನ ಮಾತು ಕೇಳಲೋ?' ಇದು ಅವರ ಪ್ರಶ್ನೆ.

ಮೇಸ್ತ್ರಿ ಹೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಅದು ನಿಜವೇ ಇರಬಹುದು. ಆದರೆ ಹಾಗೆ ಹೇಳುವ ಮುನ್ನ ಅವರು ಏನು ಪರೀಕ್ಷೆ ಮಾಡಿದರು ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ.

ಯಂತ್ರ ಯಾವ ಕಂಪನಿಯದೆಂದೂ ಬರೆದಿಲ್ಲ, 'ಜೆಸಿಬಿ' ಎಂದಷ್ಟೇ ಇದೆ. ನಮ್ಮಲ್ಲಿ ಯಾರು ತಯಾರಿಸಿದ್ದಾದರೂ ಅದು ಜೆಸಿಬಿಯೇ! ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬಾತ 1945ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದ ಕಂಪನಿಗೆ ಅವನ ಹೆಸರಿನ ಮೊದಲಕ್ಷರಗಳೇ ಹೆಸರಾದವು. 1979ರಲ್ಲಿ ಅದು ಭಾರತಕ್ಕೂ ಬಂತು. ಯಂತ್ರದ ನಿಜವಾದ ಹೆಸರು ಬ್ಯಾಕ್‌ಹೋ ಲೋಡರ್: ಮುಂದೆ ಮಣ್ಣು ತುಂಬುವ ಬಕೆಟ್, ಹಿಂದೆ ಅಗೆಯುವ ತೋಳು.

ಈ ತೋಳಿಗೆ ಬಲ ಬರುವುದು ಎಣ್ಣೆಯಿಂದ. ವಿದ್ಯಾರ್ಥಿಗಳು ಪಾಸ್ಕಲನ ನಿಯಮ ಓದಿರುತ್ತೀರಿ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಲೆಕ್ಕ ಹಾಕಿ ನೋಡಿ. ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರ್ ಇದ್ದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ 200 ಬಾರ್ ಎಂದಿಟ್ಟುಕೊಳ್ಳಿ. ಬಲ ಸುಮಾರು 16 ಟನ್ ಆಯಿತು. ಲಾರಿಯ ಟೈರಿನಲ್ಲಿ ಇರುವುದು ಏಳೆಂಟು ಬಾರ್ ಅಷ್ಟೆ.

ಇನ್ನು ರೋಗದ ವಿಷಯ. ಆನೆಗೊಂದಿಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಗದ್ದೆಗೆ ಮಾತ್ರ ನೀರು ಬರದಿದ್ದರೆ ಅದರ ತೂಬು ನೋಡುತ್ತಾರೆ. ಯಾರ ಗದ್ದೆಗೂ ಬರದಿದ್ದರೆ ಮೇಲಿನ ಕಾಲುವೆ ನೋಡಲು ಹೋಗುತ್ತಾರೆ. ಯಂತ್ರದಲ್ಲೂ ಹಾಗೆಯೇ. ಟ್ಯಾಂಕು, ಫಿಲ್ಟರು, ಪಂಪು, ಮುಖ್ಯ ರಿಲೀಫ್ ವಾಲ್ವು ಇವು ದೊಡ್ಡ ಕಾಲುವೆ ಇದ್ದಂತೆ. ಒಂದೊಂದು ಸಿಲಿಂಡರು, ಅದರ ಹೋಸ್ ಪೈಪು, ಲಿವರಿನ ಕೆಳಗಿರುವ ವಾಲ್ವು ಇವು ಗದ್ದೆಯ ತೂಬುಗಳು. ಪತ್ರದಲ್ಲಿ ಹಿಂದಿನ ತೋಳಿನ ಮಾತಿದೆ. ಮುಂದಿನ ಬಕೆಟ್ಟೂ ಮಧ್ಯಾಹ್ನ ಸೋಲುತ್ತದೆಯೇ? ಒಂದೇ ಪಂಪಿನ ಎಣ್ಣೆ ಎರಡೂ ಕಡೆ ಹೋಗುವ ಯಂತ್ರವಾಗಿದ್ದು, ಮುಂದಿನ ಬಕೆಟ್ ಬೆಳಗಿನಂತೆಯೇ ಏಳುತ್ತಿದ್ದರೆ ಪಂಪಿನ ಮೇಲೆ ಅನುಮಾನ ಪಡುವ ಮೊದಲು ಹಿಂದಿನ ವಾಲ್ವು, ಸೀಲುಗಳನ್ನು ನೋಡಬೇಕು.

ಮುಟ್ಟುವ ಮುನ್ನ ಒಂದು ಎಚ್ಚರಿಕೆ. ತಾಯಂದಿರು, ತಂದೆಯರು ಇದನ್ನು ಮಕ್ಕಳಿಗೆ ಓದಿ ಹೇಳಿ. ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗುರುತು, ಮೊದಲು ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯತೊಡಗುತ್ತದೆ, ಬೆರಳನ್ನೋ ಕೈಯನ್ನೋ ಕಳೆದುಕೊಂಡವರಿದ್ದಾರೆ. ಕೈ ಸವರಿ ಸೋರಿಕೆ ಹುಡುಕಲೇಬಾರದು, ದಪ್ಪ ರಟ್ಟನ್ನು ದೂರದಿಂದ ಹಿಡಿದು ನೋಡಬೇಕು. ಎಣ್ಣೆ ಹೊಕ್ಕಿತೋ, ನಾಳೆ ನೋಡೋಣ ಎನ್ನದೆ ಆಪರೇಷನ್ ಮಾಡುವ ಸೌಕರ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, 'ಒತ್ತಡದ ಎಣ್ಣೆ ಹೊಕ್ಕಿದೆ' ಎಂದೇ ಹೇಳಿ. ಯಾವುದೇ ಪೈಪು ಬಿಚ್ಚುವ ಮೊದಲು ಬಕೆಟ್ಟು, ತೋಳು ಎರಡನ್ನೂ ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಆಚೀಚೆ ಆಡಿಸಿ ಒತ್ತಡ ಬಿಡಬೇಕು. ಎತ್ತಿದ ತೋಳಿನ ಕೆಳಗೆ ಯಾರೂ ನಿಲ್ಲಕೂಡದು.

ಮಗನಿಗೆ ಮೊದಲು ಬೇಕಾದ ಸಾಧನ ಕೈಗಡಿಯಾರ. ಎಂಜಿನ್ನಿನ ವೇಗ ಒಂದೇ ಇಟ್ಟು, ತೋಳು ಕೆಳಗಿನಿಂದ ಪೂರ್ತಿ ಏಳಲು ಎಷ್ಟು ಸೆಕೆಂಡು ಬೇಕೆಂದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬರೆದುಕೊಳ್ಳಲಿ. ಮುಂದಿನ ಬಕೆಟ್ಟಿಗೂ ಹಾಗೆಯೇ. ತೋಳು ನಿಧಾನವಾದರೆ ಎಣ್ಣೆಯ ಹರಿವು ಸಾಲದು. ವೇಗ ಸರಿಯಿದ್ದೂ ಭಾರ ಎತ್ತದಿದ್ದರೆ ಒತ್ತಡ ಸಾಲದು. 'ಸೋಲುತ್ತದೆ' ಎಂಬ ಒಂದೇ ಮಾತಿನಲ್ಲಿ ಈ ಎರಡೂ ಅಡಗಿವೆ.

ಬಿಸಿಗೂ ಇದಕ್ಕೂ ಏನು ಸಂಬಂಧ? ಎಣ್ಣೆ ಕಾದಂತೆ ತೆಳುವಾಗುತ್ತದೆ. 46ರ ದರ್ಜೆಯ ಹೈಡ್ರಾಲಿಕ್ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಲ್ಲಿ 46 ಇದ್ದದ್ದು 100 ಡಿಗ್ರಿಯಲ್ಲಿ ಸುಮಾರು 7ಕ್ಕೆ ಇಳಿಯುತ್ತದೆ. ಸವೆದ ಪಂಪಿನ ಸಂದುಗಳಲ್ಲಿ ತೆಳು ಎಣ್ಣೆ ಹಿಂದಕ್ಕೇ ಜಾರುತ್ತದೆ. ಮೇಸ್ತ್ರಿಯ ಮಾತಿಗೆ ಬಲ ಬರುವುದು ಇಲ್ಲಿ. ಆದರೆ ಸವೆದ ಸೀಲಿನಲ್ಲೂ ಹೀಗೇ ಜಾರುತ್ತದೆ. ಅಷ್ಟೇ ಅಲ್ಲ, ಕೂಲರಿನ ರೆಕ್ಕೆಗಳಲ್ಲಿ ಧೂಳು, ಹುಲ್ಲು ಕಟ್ಟಿದ್ದರೂ, ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದರೂ, ಯಾರೋ ಅಗ್ಗದ ತೆಳು ಎಣ್ಣೆ ತುಂಬಿದ್ದರೂ ಫಲ ಇದೇ. ಇವನ್ನು ನೋಡಲು ಖರ್ಚಿಲ್ಲ.

ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಹಾಲಿನಂತಿದ್ದರೆ ನೀರು ಸೇರಿದೆ, ಕೆಸರಿನಲ್ಲಿ ದುಡಿಯುವ ಯಂತ್ರಕ್ಕೆ ಇದು ಸಾಮಾನ್ಯ. ನೊರೆಯಿದ್ದು ಪಂಪು ಕೊಂಯ್ ಎನ್ನುತ್ತಿದ್ದರೆ ಹೀರುವ ಪೈಪಿನ ಕಡೆ ಗಾಳಿ ಎಳೆಯುತ್ತಿರಬಹುದು. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ ನೋಡಿ. ಲೋಹದ ಹೊಳೆಯುವ ಚೂರುಗಳು ಬಹಳ ಕಂಡರೆ ಮೇಸ್ತ್ರಿಗೆ ನಮಸ್ಕಾರ ಹೇಳಿ ಪಂಪು ಬಿಚ್ಚಿಸಿ. ಆಗಲೂ ಟ್ಯಾಂಕು, ಪೈಪುಗಳನ್ನು ತೊಳೆಸದೆ ಹೊಸ ಪಂಪು ಕೂರಿಸಬೇಡಿ, ಹಳೆಯದರ ಪುಡಿ ಹೊಸದನ್ನೂ ತಿನ್ನುತ್ತದೆ.

ಒತ್ತಡ ಅಳೆಯಲು ಗೇಜ್ ಬೇಕು. ಅದನ್ನು ಯಂತ್ರದ ಪುಸ್ತಕ ತೋರಿಸಿದ ಜಾಗದಲ್ಲಿ, ಬಲ್ಲವರೇ ಹಾಕಬೇಕು. ಆ ಕೆಲಸವನ್ನು ಮೇಸ್ತ್ರಿಯವರಿಂದಲೇ ಮಾಡಿಸಿ, ಮಗ ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಲಿ. ಗೇಜ್ ಇಲ್ಲದೆ ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸಿ ಬಲ ಹೆಚ್ಚಿಸುತ್ತೇನೆ ಎನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಪೈಪು ಒಡೆದರೆ ಮುಂದೆ ಕೂತಿರುವವನು ನಿಮ್ಮ ಆಪರೇಟರ್.

ಬೆಳಗಿನ ಮತ್ತು ಮಧ್ಯಾಹ್ನದ ಸೆಕೆಂಡುಗಳು, ಗೇಜಿನ ಎರಡು ಅಂಕಿಗಳು, ಮುಂದಿನ ಬಕೆಟ್ಟಿನ ಸಂಗತಿ, ಇಷ್ಟನ್ನು ಮಗನ ಕೈಯಲ್ಲೇ ಬರೆಸಿ ಕಳಿಸಿ. ಪಂಪಿನ ಮಾತನ್ನು ಆಮೇಲೆ ಆಡೋಣ.