ಪೋಕೆಮಾನ್ ಗೋ: ಹಳ್ಳಿಗೆ ಚೆಂಡು ಯಾಕಿಲ್ಲ?



ಪೋಕೆಮಾನ್ ಎಂಬ ಪಾತ್ರ ಹಾಕಿ ಆಡುವ ಆಟ 1996ರಲ್ಲಿ ಜಪಾನಿನಲ್ಲಿ ಹುಟ್ಟಿತು. ಅದನ್ನು ಮಾಡಿದ ಸತೋಶಿ ತಾಜಿರಿ ಸಣ್ಣವರಿದ್ದಾಗ ಹುಳ ಹಿಡಿಯುತ್ತಿದ್ದರಂತೆ. ನಾವು ಜೀರುಂಡೆ ಹಿಡಿದು ಬೆಂಕಿಪೆಟ್ಟಿಗೆಯಲ್ಲಿ ಇಡುವುದಿಲ್ಲವೇ, ಹಾಗೆ. ಅದೇ ಸರಣಿಯಲ್ಲಿ 2016ರಲ್ಲಿ ಮೊಬೈಲಿಗೆ ಬಂದದ್ದು ಪೋಕೆಮಾನ್ ಗೋ. ಹಳೇ ಆಟಗಳ ಕಥೆ ಇದರಲ್ಲಿ ತೆಳುವಾಯಿತು, ಅದಿರಲಿ.

ಇದರ ಒಳ್ಳೇ ಗುಣ ನಡೆಸುವುದು. ತತ್ತಿ ಒಡೆದು ಮರಿ ಬರಬೇಕಾದರೆ 2, 5, 10 ಕಿಲೋಮೀಟರ್ ನಡೀಬೇಕು. ನಡೆಯೋದರಾಗ ನಮ್ಮನ್ನು ಸೋಲಿಸುವವರು ಯಾರು? ಹೊಲಕ್ಕೆ ಬುತ್ತಿ ಒಯ್ದು ಬರುವಷ್ಟರಲ್ಲಿ ಒಂದು ತತ್ತಿ ಮುಗೀತೈತಿ.

ಆದರೆ ಪೋಕೆಮಾನ್ ಹಿಡಿಯಲು ಚೆಂಡು ಬೇಕು. ಪುಕ್ಕಟೆ ಚೆಂಡು ಹೆಚ್ಚಾಗಿ ಸಿಗೋದು ನಕಾಶೆಯಲ್ಲಿ ಗುರುತು ಮಾಡಿದ ನಿಲ್ದಾಣಗಳಲ್ಲಿ. ಅವುಗಳಲ್ಲಿ ಬಹಳಷ್ಟು ಜಾಗಗಳನ್ನು ಸೂಚಿಸಿದವರು ಇಂಗ್ರೆಸ್ ಎಂಬ ಹಿಂದಿನ ಆಟದ ಆಟಗಾರರು. ಅವರು ಹೆಚ್ಚಿಗೆ ಇದ್ದದ್ದು ಪಟ್ಟಣದಲ್ಲಿ. ಹಂಗಾಗಿ ಪಟ್ಟಣದಾಗ ಹೆಜ್ಜೆಗೊಂದು, ಹಳ್ಳಿ ಕಡೆ ಹುಡುಕಬೇಕು. ಮುಂದೆ ಈ ಆಟದವರಿಗೂ ಸೂಚಿಸಲು ಬಿಟ್ಟರು, ಆದರೆ ಶುರುವಿಗೆ 40ನೇ ಹಂತ ಮುಟ್ಟಿದವರಿಗೆ ಮಾತ್ರ. ಆಗ ಅದೇ ಕೊನೇ ಹಂತ! ಚೆಂಡೇ ಇಲ್ಲದವ 40 ಮುಟ್ಟೋದು ಹೆಂಗ್ರಿ? ಹಗ್ಗ ಕೊಡದೇ ಬಾವಿ ನೀರು ಸೇದು ಅಂದಂಗಾತು.

2023ರಲ್ಲಿ ಆಟಕ್ಕೆ ಹಿಂದಿ ಬಂತು, ಕನ್ನಡ ಬರಲಿಲ್ಲ. ನನ್ನ ತಂಗಿ ಚಿತ್ರ ನೋಡೇ ಒತ್ತುತ್ತಾಳೆ.

ನಮ್ಮ ಅಬಲೂರಿನಲ್ಲಿ ಸೋಮೇಶ್ವರ ಗುಡಿ ಐತಿ, ಏಕಾಂತದ ರಾಮಯ್ಯನ ಶಾಸನ ಐತಿ. ಸರ್ವಜ್ಞ ಹುಟ್ಟಿದ ಊರು ಅಂತಾರೆ. ಹಳ್ಳಿಯವರಿಗೆ 10ನೇ ಹಂತದಿಂದಲೇ ಜಾಗ ಸೂಚಿಸಲು ಬಿಡಲಿ. ಫೋಟೋ ತೆಗೆದು, ವಿವರ ಬರೆದು ಕಳಿಸಲು ನಮ್ಮ 7ನೇ ತರಗತಿಯೊಂದೇ ಸಾಕು.