ಅಡವಿಟ್ಟ ಹಕ್ಕಿಗೆ ವಾಯಿದೆ ಬೇಡವೇ?



ಯುದ್ಧ ಬಂದಾಗ ದೇಶ ಮೊದಲು. ಇದರಲ್ಲಿ ಎರಡು ಮಾತಿಲ್ಲ; ಗಡಿ ಕಾಯುವವರು ನಮ್ಮ ಮಕ್ಕಳೇ. ಆದರೆ ಸ್ವಲ್ಪ ಲೆಕ್ಕ ನೋಡಿ. 1962ರ ಚೀನಾ ಯುದ್ಧ ತಿಂಗಳೊಪ್ಪತ್ತಿನಲ್ಲಿ ನಿಂತಿತು; ಅದಕ್ಕೆಂದು ಸಾರಿದ ತುರ್ತು ಪರಿಸ್ಥಿತಿ 1968ರವರೆಗೂ ಎಳೆಯಿತು. 1971ರ ಯುದ್ಧ 13 ದಿನದ್ದು. ಆಗಿನ ತುರ್ತು ಪರಿಸ್ಥಿತಿ ಹೋದದ್ದು 1977ರಲ್ಲಿ. ದೇಶದ ಭದ್ರತೆಗೆಂದು 1971ರಲ್ಲಿ ತಂದ ಮೀಸಾ ಕಾಯಿದೆಯಲ್ಲೇ 1975ರಲ್ಲಿ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಜೈಲಿಗೆ ದಬ್ಬಿದರು.

ಸಾಲ ತೀರಿದರೂ ಪತ್ರ ವಾಪಸು ಕೊಡದ ಸಾಹುಕಾರನನ್ನು ನಾವು ಕಂಡಿಲ್ಲವೇ? ಇದೂ ಅದೇ ಕಥೆ.

1978ರ 44ನೇ ತಿದ್ದುಪಡಿಯಿಂದ ತುರ್ತು ಪರಿಸ್ಥಿತಿ ಮುಂದುವರಿಯಲು ಆರಾರು ತಿಂಗಳಿಗೊಮ್ಮೆ ಸಂಸತ್ತು ಒಪ್ಪಬೇಕು. ಅದು ಸರಿಯಾದ ವಾಯಿದೆ. ಯುದ್ಧದ ಹೆಸರಲ್ಲಿ ಬರುವ ಪ್ರತಿಯೊಂದು ಕಾಯಿದೆಗೂ ಇಂಥದೇ ವಾಯಿದೆ ಬರೆಸೋಣ. ವಾಯಿದೆ ಮೀರಿದರೆ ಪತ್ರ ವಾಪಸು ಕೇಳೋಣ. ಕೇಳಿದವನು ದೇಶದ್ರೋಹಿಯಲ್ಲ.