ಎಲ್ಲರ ಬಿಪಿಯೂ 120/80 ಬಂದರೆ ಎಚ್ಚರ!

ಸಂಶಿ ಹಳ್ಳಿಯ ಗರ್ಭಿಣಿಯೊಬ್ಬಳ ಬಿಪಿ ಏರಿದರೆ ಮೊದಲು ಕುಂದಗೋಳದ ತಾಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ. ಅವಳು ತಲುಪುವ ಮೊದಲೇ ಹಿಂದಿನ ತಪಾಸಣೆಗಳ ವಿವರ ವೈದ್ಯರಿಗೆ ಸಿಗಬೇಕು. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ಸಂಖ್ಯೆ ಕೊಟ್ಟು ಹೇಳುತ್ತಿರುವುದೂ ಇದನ್ನೇ. ಆದರೆ ದಾಖಲೆಯನ್ನು ನಂಬಬಹುದೋ ಬಾರದೋ ಎಂಬುದು ಅದನ್ನು ತುಂಬುವವರ ಕೈಯಲ್ಲಿದೆ.

ಹಳ್ಳಿಯ ಆರೋಗ್ಯ ಸಿಬ್ಬಂದಿಯ ಜಾಣತನಕ್ಕೆ ಕೊರತೆಯಿಲ್ಲ. ಯಾವ ಓಣಿಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮನೆಯ ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ತಿಳಿವಳಿಕೆಯನ್ನು ಬಳಸಿಕೊಳ್ಳುವ ತಂತ್ರಾಂಶ ಅವರಿಗೆ ಹಿಡಿಸುತ್ತದೆ. ಅದನ್ನು ಕಡೆಗಣಿಸಿ ಬರೀ ಖಾನೆ ತುಂಬಿಸಿಕೊಳ್ಳುವ ತಂತ್ರಾಂಶ ಬಂದರೆ, ಅದೇ ಜಾಣತನ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ಆಗ ಅಳೆದರೂ ಅಳೆಯದಿದ್ದರೂ ಎಲ್ಲರ ಬಿಪಿಯೂ 120/80!

ಅಸಮಾಧಾನ ಈಗಾಗಲೇ ಬೀದಿಗೆ ಬಂದಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರು ಗೌರವಧನದ ಜೊತೆಗೆ ತಮ್ಮ ಕೆಲಸ ದಾಖಲಿಸುವ ಪೋರ್ಟಲ್ ವಿಷಯವನ್ನೂ ಎತ್ತಿದ್ದರು: ಮಾಡಿದ ಕೆಲಸ ಅದರಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂದು. ದಾಖಲೆಯ ಹೊರೆ ಹಳ್ಳಿಯ ಸಮಸ್ಯೆಯಷ್ಟೇ ಅಲ್ಲ. ವೈದ್ಯರು ರೋಗಿಯ ಎದುರು ಕಳೆಯುವ ಪ್ರತಿ ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ಮತ್ತು ಕಡತಗಳಿಗೇ ಹೋಗುತ್ತದೆಂದು ಅಮೆರಿಕದ 2016ರ ಅಧ್ಯಯನವೊಂದು ಕಂಡುಕೊಂಡಿತು.

ತಾಲೂಕು ಆರೋಗ್ಯಾಧಿಕಾರಿಗಳು ಈ ಲಕ್ಷಣಗಳ ಮೇಲೆ ಕಣ್ಣಿಡಲಿ. ತಿಂಗಳ ಕೊನೆಯ ಎರಡು ದಿನಗಳಲ್ಲೇ ಇಡೀ ತಿಂಗಳ ಎಂಟ್ರಿ ಆಗುತ್ತಿದೆಯೇ? ಒಂದೇ ಪಾಸ್‌ವರ್ಡ್ ನಾಲ್ಕು ಕೈ ದಾಟುತ್ತಿದೆಯೇ? ಹತ್ತಾರು ರೋಗಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇದೆಯೇ? ಗುತ್ತಿಗೆಯ ಆಪರೇಟರ್ ರಜೆ ಹಾಕಿದ ದಿನ ಕಂಪ್ಯೂಟರೂ ರಜೆಯೇ? ಒಂದಕ್ಕೆ ಹೌದೆಂದರೂ ನೋಟಿಸ್ ಕೊಡುವ ಮೊದಲು ಕಾರಣ ಕೇಳಿ.

ಮಾಡಬೇಕಾದದ್ದು ದುಬಾರಿಯಲ್ಲ. ತರಬೇತಿ ಕೆಲಸದ ಅವಧಿಯಲ್ಲೇ, ಅವರವರ ಕೇಂದ್ರದಲ್ಲೇ ನಡೆಯಲಿ. ಪರದೆ ಕನ್ನಡದಲ್ಲಿರಲಿ. ಕಂಪ್ಯೂಟರಿಗೆ ಏರಿಸಿದ್ದನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಸುವ ಶಿಕ್ಷೆ ನಿಲ್ಲಲಿ. ಕರೆಂಟು ಹೋದಾಗ, ನೆಟ್‌ವರ್ಕ್ ಸಿಗದಾಗ ಏನು ಮಾಡಬೇಕೆಂಬ ನಿಯಮ ಮೊದಲೇ ಸ್ಪಷ್ಟವಾಗಿರಲಿ. ಹೊಸ ಖಾನೆ ಸೇರಿಸುವ ಮುನ್ನ ಅದನ್ನು ತುಂಬಬೇಕಾದ ಸಿಸ್ಟರನ್ನು ಒಂದು ಮಾತು ಕೇಳಿ. ಖಾಲಿ ಖಾನೆ ಕಂಡ ವೈದ್ಯರು ಮತ್ತೊಮ್ಮೆ ಬಿಪಿ ಅಳೆಯುತ್ತಾರೆ. ಆದರೆ ಸುಳ್ಳು ಅಂಕಿ ಕಂಡರೆ ಅದನ್ನೇ ನಂಬಿ ಮುಂದೆ ಹೋಗುತ್ತಾರೆ.